ಕಾರ್ವೆಟ್ ಸ್ಟಿಯರಿಂಗಿನ ನಾಲ್ಕು ಹೋಸುಗಳು

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಷೆವ್ರೊಲೆ ಕಾರ್ವೆಟ್‌ನವರು ಅದೃಷ್ಟವಂತರು. 1968ರಿಂದ 1982ರವರೆಗೆ ಬಂದ ಮೂರನೇ ತಲೆಮಾರಿನ ಕಾರ್ವೆಟ್‌ಗೆ ಅಮೆರಿಕದಲ್ಲಿ ಇಂದಿಗೂ ಸಿಗದ ಬಿಡಿಭಾಗ ಕಡಿಮೆ. ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ಪವರ್ ಸ್ಟಿಯರಿಂಗಿನ ಪುಟ ತೆರೆದರೆ, 1963ರಿಂದ 82ರವರೆಗಿನ ಎಲ್ಲ ಕಾರ್ವೆಟ್‌ಗೂ ಒಂದೇ ಭಾಗ ಸಾಕು ಎನ್ನುವ ಸಾಲು ಕಾಣುತ್ತದೆ. ಎರಡನೇ ತಲೆಮಾರಿನ ವ್ಯವಸ್ಥೆಯೇ ಮೂರನೆಯದಕ್ಕೂ ಮುಂದುವರಿದದ್ದರಿಂದ ಅದು ಪೂರ್ತಿ ಸುಳ್ಳೇನಲ್ಲ. ನನ್ನ ತಕರಾರು, ಬೋಲ್ಟು ಕೂತರೆ ಕೆಲಸ ಮುಗಿಯಿತೆಂದು ಗಿರಾಕಿಯನ್ನು ನಂಬಿಸುವ ಅದರ ಧಾಟಿಯ ಬಗ್ಗೆ.

ಈ ಕಾರಿನ ಸ್ಟಿಯರಿಂಗ್ ಬಾಕ್ಸ್‌ನೊಳಗೆ ಹೈಡ್ರಾಲಿಕ್ ಸಹಾಯವೇ ಇಲ್ಲ. ಅದು ಕೈಬಲದಿಂದ ತಿರುಗುವ ಸಾದಾ ಬಾಕ್ಸ್. ಅದರ ಕೆಳಗಿನ ಪಿಟ್‌ಮನ್ ಆರ್ಮ್ ಒಂದು ಕಂಟ್ರೋಲ್ ವಾಲ್ವನ್ನು ತುಸು ಅತ್ತಿತ್ತ ಸರಿಸುತ್ತದೆ. ವಾಲ್ವು ಪಂಪಿನಿಂದ ಬಂದ ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಹರಿಸುತ್ತದೆ. ಆ ಎಣ್ಣೆಯ ಒತ್ತಡದಿಂದ, ಚಾಸಿಗೆ ಕಟ್ಟಿದ ಸಿಲಿಂಡರು ಚಕ್ರಗಳನ್ನು ತಿರುಗಿಸುವ ರಿಲೇ ರಾಡನ್ನು ತಳ್ಳುತ್ತದೆ. ಪಂಪಿಗೂ ವಾಲ್ವಿಗೂ ನಡುವೆ ಎರಡು ಹೋಸು, ವಾಲ್ವಿಗೂ ಸಿಲಿಂಡರಿಗೂ ನಡುವೆ ಇನ್ನೆರಡು. ಎಲ್ಲವೂ ಕಾರಿನ ಹೊಟ್ಟೆಯಡಿ, ರಸ್ತೆಯ ದೂಳು ನೀರಿಗೆ ಮೈಯೊಡ್ಡಿಕೊಂಡು. ಈ ವ್ಯವಸ್ಥೆ ಸೋರದಿದ್ದರೆ ಎಣ್ಣೆ ಖಾಲಿಯಾಗಿದೆ ಎಂದರ್ಥ ಎಂಬ ತಮಾಷೆ ಸುಮ್ಮನೆ ಹುಟ್ಟಿದ್ದಲ್ಲ.

ಮರುತಯಾರಿಕೆಯ ವಾಲ್ವು ಕೊಂಡು ಜೋಡಿಸುವುದು ಸುಲಭ. ಆದರೆ ಅದನ್ನು ಸಮತೋಲಕ್ಕೆ ತರದೆ ಎಂಜಿನ್ ಚಾಲೂ ಮಾಡಿದರೆ ಸ್ಟಿಯರಿಂಗ್ ತಾನಾಗಿಯೇ ಒಂದು ಬದಿಗೆ ಎಳೆದುಕೊಳ್ಳುತ್ತದೆ, ಚಾಲಕ ಸುಮ್ಮನೆ ಕೂತಿದ್ದರೂ. ಮುಂಚಕ್ರಗಳನ್ನು ಎತ್ತಿ ನಿಲ್ಲಿಸಿ, ಸಿಲಿಂಡರಿನ ರಾಡನ್ನು ಚಾಸಿಯ ಬ್ರಾಕೆಟ್‌ನಿಂದ ಬಿಡಿಸಿ, ಎಂಜಿನ್ ಓಡಿಸಬೇಕು. ರಾಡು ತಾನಾಗಿ ಹೊರಬಂದರೆ ಅಥವಾ ಒಳಸೇರಿದರೆ, ವಾಲ್ವಿನ ಮುಚ್ಚಳದಡಿಯ ನಟ್ಟನ್ನು ಎರಡೂ ಚಲನೆಗಳ ನಡುಮಧ್ಯಕ್ಕೆ ತಿರುಗಿಸಿ ನಿಲ್ಲಿಸಬೇಕು. ಇದು ಪೆಟ್ಟಿಗೆಯಲ್ಲಿ ಬರುವ ವಸ್ತುವಲ್ಲ, ಕಾರಿನಡಿ ಮಲಗಿ ಮಾಡುವ ಕೆಲಸ. ಭಾಗ ಕೆಟ್ಟದ್ದು ಎಂದು ಹಿಂದಿರುಗಿಸಿದ ವಾಲ್ವುಗಳಲ್ಲಿ ಎಷ್ಟಕ್ಕೆ ಈ ನಟ್ಟಿನ ದರ್ಶನವಾಗಿತ್ತೋ, ನನಗಂತೂ ಅನುಮಾನ.

ಪವರ್ ಇಲ್ಲದ ಕಾರಿಗೆ ಹೊಸದಾಗಿ ಪವರ್ ಸೇರಿಸುವವರ ಪಟ್ಟಿ ಇನ್ನೂ ಉದ್ದ. ಪಿಟ್‌ಮನ್ ಆರ್ಮ್ ಬೇರೆ, ರಿಲೇ ರಾಡ್ ಬೇರೆ. ಪಂಪು ಜನರಲ್ ಮೋಟಾರ್ಸ್‌ನ ಸ್ಯಾಗಿನಾ ಮಾದರಿಯದು, ಆ ಕಂಪನಿಯ ಎಷ್ಟೋ ಕಾರುಗಳಲ್ಲಿ ಸಿಗುವಂಥದ್ದು. ಹಾಗೆಂದು ಗುಜರಿಯಿಂದ ತಂದರೆ ಸ್ಮಾಲ್ ಬ್ಲಾಕ್ ಎಂಜಿನ್ನಿನ ಬ್ರಾಕೆಟ್ ಬಿಗ್ ಬ್ಲಾಕಿಗೆ ಆಗದು, ಪುಲ್ಲಿ ಸಾಲು ತಪ್ಪಿದರೆ ಬೆಲ್ಟು ನಿಲ್ಲದು. 1980ರ ಹೊತ್ತಿಗೆ ಹೋಸಿನ ತುದಿಯ ಜೋಡಣೆಯೂ ಹಳೆಯ ಫ್ಲೇರ್ ಬಿಟ್ಟು ಮೆಟ್ರಿಕ್ ಓ-ರಿಂಗಿಗೆ ಬದಲಾಯಿತು. ಹೀಗಾಗಿ ಒಂದೇ ಭಾಗ ಎಂಬ ಆ ಸಾಲಿನ ಕೊನೆಯ ಮೂರು ವರ್ಷಗಳಿಗೆ ಬೇರೆ ಹೋಸೇ ಬೇಕು. ಚಕ್ರದ ಬಳಿಯ ಸ್ಟಿಯರಿಂಗ್ ಆರ್ಮ್‌ನಲ್ಲಿರುವ ಎರಡು ತೂತುಗಳನ್ನೂ ಮರೆಯುವಂತಿಲ್ಲ: ಅಚ್ಚಿಗೆ ಹತ್ತಿರದ್ದಕ್ಕೆ ಟೈ ರಾಡ್ ಹಾಕಿದರೆ ಅನುಪಾತ 17.6:1, ದೂರದ್ದಕ್ಕೆ 20.2:1. ಕಾರ್ಖಾನೆಯವರು ಪವರ್ ಇದ್ದ ಕಾರಿಗೆ ಹತ್ತಿರದ ತೂತನ್ನೇ ಆರಿಸಿದ್ದರು. ಇಷ್ಟೆಲ್ಲ ಖರ್ಚು ಮಾಡಿ ದೂರದ ತೂತಿನಲ್ಲೇ ಬಿಟ್ಟರೆ ಸಿಗುವುದು ಹಗುರವಾದರೂ ಮಂದಗತಿಯ ಸ್ಟಿಯರಿಂಗು.

ಬೋರ್ಗೆಸನ್ ಕಂಪನಿಯ ಸ್ಟಿಯರಿಂಗ್ ಬಾಕ್ಸ್ ವಾಲ್ವು, ಹೋಸುಗಳ ಈ ಸಂಕಟಕ್ಕೆ ನೇರವಾದ ಉತ್ತರ. ಹೈಡ್ರಾಲಿಕ್ ಸಹಾಯ ಬಾಕ್ಸಿನೊಳಗೇ ಇರುವುದರಿಂದ ವಾಲ್ವು, ಸಿಲಿಂಡರು ಎರಡೂ ಹೊರಟುಹೋಗಿ, ನಾಲ್ಕು ಹೋಸುಗಳ ಜಾಗದಲ್ಲಿ ಎರಡು ಉಳಿಯುತ್ತವೆ. ಕಾರು ಓಡಿಸಲೆಂದೇ ಇಟ್ಟುಕೊಂಡವರಿಗೆ ನಾನು ಹೇಳುವುದು ಇದನ್ನೇ. ರ‍್ಯಾಕ್ ಅಂಡ್ ಪಿನಿಯನ್ ಕಿಟ್‌ಗಳ ಮೇಲೆ ಅಷ್ಟು ಭರವಸೆ ನನಗಿಲ್ಲ. ಟೈ ರಾಡಿನ ಒಳತುದಿಗಳು ಮೂಲ ಜಾಗದಿಂದ ಸರಿದರೆ, ಚಕ್ರ ಉಬ್ಬುತಗ್ಗಿನಲ್ಲಿ ಏರಿಳಿದಂತೆಲ್ಲ ತಾನೇ ತಿರುಗತೊಡಗುತ್ತದೆ. ಒಳ್ಳೆಯ ಕಿಟ್ ಇದನ್ನು ಲೆಕ್ಕಕ್ಕಿಟ್ಟುಕೊಂಡಿರಬಹುದು. ಹಾಗಿದ್ದರೆ ಮಾರುವವರು ಆ ಅಳತೆಯನ್ನು ಮುಂದಿಡಲಿ, ಹೊಳೆಯುವ ಫೋಟೋವನ್ನಲ್ಲ.

ಮೂಲ ರೂಪವೇ ಬೇಕೆನ್ನುವವರದು ಬೇರೆ ಲೆಕ್ಕ. 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ತೀರ್ಪುಗಾರರು ಎರಕದ ಸಂಖ್ಯೆ, ತಯಾರಿಕೆಯ ತಾರೀಖು ನೋಡುವವರು. ಹಳೆಯ ಭಾಗ ಕೊಟ್ಟು ಮರುತಯಾರಾದದ್ದನ್ನು ಒಯ್ಯುವ ಪದ್ಧತಿ ಮೂಲ ರೂಪ ಬಯಸುವ ಮಾಲೀಕರಿಗೆ ನಷ್ಟದ ವ್ಯವಹಾರ. ಅವರ ವಾಲ್ವು ಇನ್ಯಾರದೋ ಕಾರು ಸೇರುತ್ತದೆ, ಅವರಿಗೆ ಸಿಕ್ಕಿದ್ದು ಯಾವ ವರ್ಷದ ಎರಕವೋ ಹೇಳುವವರಿಲ್ಲ. ಸೀಲ್ ಕಿಟ್ ಮಾತ್ರ ತರಿಸಿ, ತಮ್ಮದೇ ವಾಲ್ವನ್ನು ಬಿಚ್ಚಿ, ಬಾಲ್ ಸ್ಟಡ್ ಸವೆದಿದ್ದರೆ ಅದೊಂದನ್ನು ಬದಲಿಸುವುದು ಮೇಲು. ಅದು ಅಗ್ಗವೂ ಹೌದು, ಆದರೆ ಮೈಗೆಲ್ಲ ಎಣ್ಣೆ ಮೆತ್ತಿಕೊಳ್ಳಲು ಸಿದ್ಧರಿರಬೇಕು.