ಹೂಂ ಅನ್ನುವವರು ಯಾರು?

ಹೋದ ಬೇಸಿಗೆ ರಜದಲ್ಲಿ ಮಂಡಿ ಮೊಹಲ್ಲಾದ ನಮ್ಮ ಸಂಜೆ ಪಾಠದ ಹನ್ನೊಂದು ಮಕ್ಕಳನ್ನು ಮೈಸೂರಿನದೇ ಒಂದು ಮಕ್ಕಳ ಶಿಬಿರಕ್ಕೆ ಕರಕೊಂಡು ಹೋಗಿದ್ದೆ. ಅಲ್ಲಿ ಕತೆ ಹೇಳೋದಕ್ಕೆ ಒಬ್ಬರು ಬಂದಿದ್ದರು. ಕೆನ್ನೆಗೆ ಅಂಟಿದ ಮೈಕು, ಕೈಗೆ ಗೊಂಬೆ, ಬೆನ್ನಹಿಂದೆ ಬಣ್ಣದ ಪರದೆ. ಕತೆ ನಮ್ಮದೇ. ಮಗಳ ಮನೆಗೆ ಹೊರಟ ಅಜ್ಜಿ, ದಾರೀಲಿ ಹುಲಿ, ವಾಪಸು ಬರುವಾಗ ಕುಂಬಳಕಾಯಿ. ಚೆನ್ನಾಗಿಯೇ ಹೇಳಿದರು, ಮಕ್ಕಳು ನಕ್ಕವು. ನಡುವೆ ನಮ್ಮ ಹುಡುಗನೊಬ್ಬ ಎದ್ದು ನಿಂತು, 'ನಮ್ಮ ನಾನಿ ಹಂಗೆ ಹೇಳಲ್ಲ, ಅದು ಹುಲಿ ಅಲ್ಲ' ಅಂದ. ಅವರು ಬೆರಳನ್ನು ತುಟಿಗಿಟ್ಟು 'ಶ್, ಪ್ರಶ್ನೆ ಎಲ್ಲ ಕೊನೇಲಿ' ಅಂದರು. ಕೊನೆಯಲ್ಲಿ ಅವರೇ ಪ್ರಶ್ನೆ ಕೇಳಿದರು: 'ಮಕ್ಕಳೇ, ಈ ಕತೆಯ ನೀತಿ ಏನು?' ಮುಂದಿನ ಸಾಲಿನ ಮಕ್ಕಳು ಒಟ್ಟಿಗೆ ಕೂಗಿದವು, 'ಜಾಣತನ!' ನಮ್ಮ ಹುಡುಗ ಅಷ್ಟರಲ್ಲಿ ಗೋಡೆಗೊರಗಿ ಪಕ್ಕದವನ ಕಿವಿಯಲ್ಲಿ ತನ್ನ ನಾನಿಯ ಕತೆ ಶುರುಮಾಡಿಬಿಟ್ಟಿದ್ದ. ಪಕ್ಕದವನು ಹೂಂ ಅಂತಿದ್ದ.

ನಾನು ದೂರುತ್ತಿರುವುದು ಆ ಕತೆಗಾರರನ್ನಲ್ಲ. ಅವರು ಪಾಪ, ಪ್ರೀತಿಯಿಂದ ಬಂದವರು. ನನ್ನ ತಕರಾರು ಇರುವುದು ಅವರ ಹಿಂದಿನ ಒಂದು ಧೋರಣೆಯ ಬಗ್ಗೆ. ಇವತ್ತು ಶಾಲೆಗಳಲ್ಲಿ, ಶಿಬಿರಗಳಲ್ಲಿ, ಮಾಲುಗಳಲ್ಲಿ ಸಹ ಬಾಯಿಕತೆಗೆ ಬೆಲೆ ಬಂದಿದೆ. ಕತೆ ಹೇಳುವುದನ್ನು ಕಲಿಸಲು ಕಮ್ಮಟಗಳಿವೆ, ಸರ್ಟಿಫಿಕೇಟುಗಳಿವೆ. ಮಕ್ಕಳಿಗೆ ಪಾಠ ಹಿಡಿಸದಿದ್ದರೆ ಕತೆಯ ಮೂಲಕ ಹೇಳಿ ಅಂತಾರೆ. ಅಂದರೆ ಪಾಠ ಎಂಬುದು ಕಹಿ ಗುಳಿಗೆ, ಕತೆ ಅದಕ್ಕೆ ಹಚ್ಚುವ ಬೆಲ್ಲ. ಈ ಬೆಲ್ಲ ಯಾರ ಆಲೆಮನೆಯದು, ಕಬ್ಬು ಅರೆದವರು ಯಾರು ಅಂತ ಕೇಳುವ ವ್ಯವಧಾನ ಯಾರಿಗೂ ಇಲ್ಲ. ನಾವಾದರೂ ಕೇಳಬೇಕಲ್ಲ?

ನಮ್ಮವ್ವ ಕತೆ ಹೇಳುತ್ತಿದ್ದಳು. ಅವಳಿಗೆ ಓದು ಬರದು. ದಿನವೆಲ್ಲ ಕಂಡೋರ ಗದ್ದೇಲಿ ಕಳೆ ಕಿತ್ತು ಬಂದು, ರಾತ್ರಿ ಕಾಲು ಚಾಚಿಕೊಂಡು ಹೇಳುತ್ತಿದ್ದಳು. ನಾನು ಸುಮ್ಮನಾದರೆ, 'ಹೂಂ ಅನ್ನು ಕಣ ಮಗ, ಅನ್ನದೆ ಹೋದ್ರ ಕತ ಮನಿಕ್ಕಂಡ್ಬುಡ್ತದ' ಅಂತಿದ್ದಳು. ಕತೆ ಮಲಗಿಬಿಡುತ್ತದೆ! ಹೂಂ ಅನ್ನುವುದು ಬರೀ ಕೇಳಿಸಿಕೊಂಡಿದ್ದೇನೆ ಅನ್ನುವ ಗುರುತಲ್ಲ. ನಾನು ಗಟ್ಟಿಯಾಗಿ ಹೂಂ ಅಂದರೆ ಅವಳು ಕತೆಯನ್ನು ಹಿಗ್ಗಿಸುತ್ತಿದ್ದಳು, ಸಣ್ಣಗೆ ಅಂದರೆ ರಾಜನನ್ನು ಬೇಗ ಸಾಯಿಸುತ್ತಿದ್ದಳು. 'ಊಹೂಂ' ಅಂತ ತಗಾದೆ ತೆಗೆದರೆ, 'ಹಂಗಾದ್ರ ನೀನೆ ಯೋಳು' ಅಂತ ನನ್ನ ತಲೆಗೇ ಕಟ್ಟುತ್ತಿದ್ದಳು. ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕುವ ಹಕ್ಕು ನನಗೆ ಮೊದಲು ಸಿಕ್ಕಿದ್ದು ಅಲ್ಲಿ. ಮೊದಲ ಸಲ ಅದು ಕಳೆದುಹೋಗಿದ್ದು ಶಾಲೆಯಲ್ಲಿ.

ಇದನ್ನೇ ದೊಡ್ಡದಾಗಿ ನೋಡಬೇಕೆಂದರೆ ನೀಲಗಾರರ ಮೇಳ ನೋಡಬೇಕು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ರಾತ್ರಿಯಿಡೀ ಹಾಡುವವರು ಇವರು. ಒಂದೇ ಜಾತಿಯವರಲ್ಲ, ದೀಕ್ಷೆ ಪಡೆದು ನೀಲಗಾರರಾಗುತ್ತಾರೆ. ಹೆಚ್ಚಿನವರು ನಮ್ಮ ಕೇರಿಗಳವರು, ನಮ್ಮಂತೆ ಕೂಲಿ ಮಾಡುವ ಜನ. ಮುಂದೆ ತಂಬೂರಿ ಹಿಡಿದ ಕತೆಗಾರ, ಹಿಂದೆ ತಾಳ, ಡಕ್ಕೆ ಹಿಡಿದ ಹಿಮ್ಮೇಳ. ಹೊಸ ಹುಡುಗ ಬಂದರೆ ಅವನಿಗೆ ಪುಸ್ತಕ ಕೊಡುವುದಿಲ್ಲ, ಹಿಮ್ಮೇಳದಲ್ಲಿ ನಿಲ್ಲಿಸುತ್ತಾರೆ. ಸಾಲಿನ ಕೊನೆಯನ್ನು ಎತ್ತಿಕೊಳ್ಳುವುದು ಅವನ ಕೆಲಸ. ವರ್ಷಗಟ್ಟಲೆ ಕೊನೆ ಎತ್ತಿಕೊಂಡು ಎತ್ತಿಕೊಂಡು ಒಂದು ದಿನ ಮೊದಲನ್ನೂ ಎತ್ತಿಕೊಳ್ಳುತ್ತಾನೆ. ಹಿಮ್ಮೇಳದವನು ನಡುವೆ ಪ್ರಶ್ನೆ ಹಾಕುತ್ತಾನೆ, ಕೀಟಲೆ ಮಾಡುತ್ತಾನೆ, ಕತೆ ಅದಕ್ಕೆ ಉತ್ತರವಾಗಿ ಹೊರಳುತ್ತದೆ. ಬಿ.ಎಡ್. ಓದುವಾಗ ಇದನ್ನೇ ಇಂಗ್ಲಿಷಿನ ದೊಡ್ಡ ದೊಡ್ಡ ಹೆಸರುಗಳಲ್ಲಿ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ನೀಲಗಾರರ ಹೆಸರು ಬರೆದಿದ್ದರೆ ಎಷ್ಟು ಅಂಕ ಬರುತ್ತಿತ್ತೋ!

ಇನ್ನು ಆ ಕತೆಯಲ್ಲಿ ಇರುವುದಾದರೂ ಏನು? ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಗಬ್ಬು ನಾತದ ಮೈ, ಕಂಡವರು ಮೂಗು ಮುಚ್ಚಿಕೊಳ್ಳುವ ವೇಷ. ಜಾತಿಯಿಲ್ಲ ಅಂತ ಸಾರಿದ ಊರಿನ ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಒಳಗೆ ಲೆಕ್ಕವಿಲ್ಲದಷ್ಟು ಶರಣರು. ಪರೀಕ್ಷೆ ಒಡ್ಡಿದಾಗ ಉಳಿಯುವವರು ಬೆರಳೆಣಿಕೆಯಷ್ಟು. ಬಸವಣ್ಣ 12ನೇ ಶತಮಾನದವನು, ಮಂಟೇಸ್ವಾಮಿ ಅವನಿಗಿಂತ ಎಷ್ಟೋ ತಲೆಮಾರು ಈಚಿನವನು ಎಂದು ವಿದ್ವಾಂಸರು ಹೇಳುತ್ತಾರೆ. ಇತಿಹಾಸದ ಮೇಷ್ಟರು ಇದನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕುತ್ತಾರೆ. ಆದರೆ ಕತೆ ಕಟ್ಟಿದವರಿಗೆ ತಾವು ಏನು ಮಾಡುತ್ತಿದ್ದೇವೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಅತಿ ದೊಡ್ಡ ಸಮಾನತೆಯ ಊರನ್ನು ಆರಿಸಿಕೊಂಡು, ಅದರ ಬಾಗಿಲಿಗೆ ಅತಿ ಕೊಳಕು ಮನುಷ್ಯನನ್ನು ಕಳಿಸಿ, ಈಗ ತೆಗೆಯಿರಿ ನೋಡೋಣ ಅಂದರು. ಇಂಥ ಕತೆಗೆ ಒಂದು ಪದದಲ್ಲಿ ನೀತಿ ಹೇಳಿ ಅಂದರೆ ಹೇಗೆ ಸ್ವಾಮಿ? ಅದು ಕೇಳುವ ಪ್ರಶ್ನೆ ಅದನ್ನು ಹೇಳಿಸುತ್ತಿರುವ ಶಾಲೆಯ ಗೇಟಿಗೂ ಬಂದು ನಿಲ್ಲುತ್ತದೆ. ಅದಕ್ಕೇ ಶಾಲೆಗೆ ಕುಂಬಳಕಾಯಿ ಬರುತ್ತದೆ, ಮಂಟೇಸ್ವಾಮಿ ಬರುವುದಿಲ್ಲ.

ವಿಶ್ವವಿದ್ಯಾನಿಲಯದವರು ಸುಮ್ಮನೆ ಕೂತಿರಲಿಲ್ಲ, ಒಪ್ಪುತ್ತೇನೆ. ಇದೇ ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಜೀಶಂಪ, ಪಿ.ಕೆ. ರಾಜಶೇಖರ ಅಂಥವರು ಊರೂರು ಅಲೆದು ಕಾವ್ಯಗಳನ್ನು ಬರೆದುಕೊಂಡರು. ಅವರಿಲ್ಲದಿದ್ದರೆ ಎಷ್ಟೋ ಕತೆ ಮಣ್ಣಾಗುತ್ತಿತ್ತು. ಆದರೆ ಅರಮನೆಯ ಗೋಡೆಗೆ ಒರಗಿಸಿದ ತಂಬೂರಿಗೆ ಹೂಂ ಅನ್ನುವವರು ಯಾರು?

ಶಾಲೆಯ ಮಾತಿಗೆ ಬಂದರೆ, ನಮ್ಮ ಜಿಲ್ಲೆಯವರೇ ಒಂದು ಬಾಗಿಲು ತೆರೆದಿದ್ದನ್ನು ಮರೆಯಬಾರದು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ 'ನಲಿ-ಕಲಿ' ಕಟ್ಟಿದರು. ಮೇಲಿನಿಂದ ಬಂದ ಆದೇಶವಲ್ಲ ಅದು, ಮೇಷ್ಟರುಗಳ ಕೈಕೆಲಸ. ಬೆಂಚು ಹೋಯಿತು, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು, ಹಾಡು ಕತೆ ಆಟ ತರಗತಿಯ ಒಳಗೇ ಬಂದವು, ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟುಕುವ ಕಪ್ಪುಹಲಗೆ ಬಂತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಅದನ್ನು ಹರಡಿದರು. ಹರಡುವಾಗ ಏನಾಯಿತು ಅಂತ ಹಳ್ಳಿ ಮೇಷ್ಟರುಗಳನ್ನು ಕೇಳಿ. ಕತೆಗೂ ಒಂದು ಕಾರ್ಡು, ಕಾರ್ಡಿಗೊಂದು ನಂಬರು, ಏಣಿಯಲ್ಲಿ ಅದಕ್ಕೊಂದು ಮೆಟ್ಟಿಲು. ಕೋಟೆಯ ಹಾಡಿಯ ಜೇನುಕುರುಬರ ಮಗುವಿಗೂ ಬೀದರಿನ ಮಗುವಿಗೂ ಅಚ್ಚಾದ ಅದೇ ಕಾರ್ಡು. ಮಗುವಿನ ಮನೆಯಿಂದ ಶಾಲೆಗೆ ಕತೆ ಬರುವುದಕ್ಕೆ ಆ ಏಣಿಯಲ್ಲಿ ಒಂದು ಮೆಟ್ಟಿಲು ಬಿಡಬೇಕಿತ್ತು. ಆದರೂ ಹೇಳುತ್ತೇನೆ, ಬೆತ್ತದ ತರಗತಿಗಿಂತ ಇದು ಸಾವಿರ ಪಾಲು ಮೇಲು. ನಲಿ-ಕಲಿಯನ್ನು ಆಡಿಕೊಂಡು ನಗುವ ಕಾನ್ವೆಂಟು ಪೋಷಕರ ಜೊತೆ ನನ್ನನ್ನು ಸೇರಿಸಬೇಡಿ.

ಸಾಹಿತ್ಯದಲ್ಲಿ ಇದೇ ಪ್ರಶ್ನೆ ಇನ್ನೊಂದು ತರಹ ಬಂದಿದೆ. ಎ.ಕೆ. ರಾಮಾನುಜನ್ ಈ ಮೈಸೂರಿನವರೇ. ಅವರು ಸಂಗ್ರಹಿಸಿದ ಕತೆಯೊಂದು ನಮ್ಮ ಕಡೆ ಅನೇಕರಿಗೆ ಗೊತ್ತು. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದಾಗ ಆಚೆ ಬಂದು, ಗಂಡಸಿನ ಮೆಟ್ಟು, ಕೋಟು ಆಗಿ ಕೂತವು. ಗಂಡನಿಗೆ ಅನುಮಾನ, ಜಗಳ, ಅವನು ಹೋಗಿ ಗುಡಿಯಲ್ಲಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅಲ್ಲಿಗೆ ಬಂದು ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ, ಗುಟ್ಟು ಬಯಲಾಗುತ್ತದೆ. ಗಿರೀಶ ಕಾರ್ನಾಡರು ಈ ದೀಪಗಳನ್ನು 'ನಾಗಮಂಡಲ'ದ ಮೊದಲಿಗೆ ತಂದರು. ಅಲ್ಲಿ ಅವು ಒಬ್ಬ ನಾಟಕಕಾರನ ಶಾಪ ಕಳೆಯುವುದಕ್ಕೆ ನೆರವಾಗುತ್ತವೆ. ನಾಟಕ ಚೆಲುವಾಗಿದೆ, ಇಲ್ಲವೆನ್ನುವುದಿಲ್ಲ. ಅದಕ್ಕೂ ಮೊದಲೇ, 1984ರಲ್ಲಿ, ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಜೋತಮ್ಮಗಳು ಮಾತಾಡಿದ್ದವು. ಅವು ಯಾವ ನಾಟಕಕಾರನನ್ನು ಉಳಿಸುವುದಕ್ಕೂ ಬಂದವಲ್ಲ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ತಪ್ಪಿಗೆ ಕೊಲೆಯಾದ ಹುಡುಗ ಚೆನ್ನನ ಊರಿನವು ಅವು. ಊರವರು ಬಾಯಿ ಬಿಡದ್ದನ್ನು ದೀಪಗಳು ಆಡಬೇಕಾದ ಊರು ಅದು. ಆ ಪುಸ್ತಕದ ಭಾಷೆ ಅರ್ಥವಾಗುವುದಿಲ್ಲ ಅಂತ ಓದಿದವರೆಲ್ಲ ಗೊಣಗಿದರು. ನಮ್ಮವ್ವನಿಗೆ ಓದಿ ಹೇಳಿದೆ. ಹೂಂ, ಹೂಂ ಅಂತ ಕೇಳಿದಳು, ಒಂದು ಕಡೆ ಮಾತ್ರ 'ಆಮೇಲ?' ಅಂದಳು.

ಕೀನ್ಯಾದ ಗೂಗಿ ವಾ ಥಿಯಾಂಗೊ ಬರೆದದ್ದು ಓದಿದಾಗ ಇವನ್ಯಾರು ನಮ್ಮ ಕೇರಿಯವನು ಅನ್ನಿಸಿತು. ಸಂಜೆ ಬೆಂಕಿಯ ಸುತ್ತ ಕೂತು ಗಿಕುಯು ಭಾಷೆಯಲ್ಲಿ ಕೇಳಿದ ಕತೆಗಳು ಒಂದು ಕಡೆ. ಶಾಲೆಯಲ್ಲಿ ಅದೇ ಭಾಷೆ ಆಡಿದ್ದಕ್ಕೆ ಬೆತ್ತ, ಕುತ್ತಿಗೆಗೆ 'ನಾನು ಕತ್ತೆ' ಎಂಬರ್ಥದ ಫಲಕ ಇನ್ನೊಂದು ಕಡೆ. 1977ರಲ್ಲಿ ಕಮಿರಿಥುವಿನ ರೈತಾಪಿ ಜನರ ಜೊತೆ ಅವರದೇ ಭಾಷೆಯಲ್ಲಿ ನಾಟಕ ಆಡಿಸಿದ್ದಕ್ಕೆ ಸರ್ಕಾರ ಅವನನ್ನು ಜೈಲಿಗೆ ಹಾಕಿತು. ಬಾಯಿಕತೆ ಬರೀ ಬೆಲ್ಲವಾಗಿದ್ದರೆ ಸರ್ಕಾರಗಳು ಯಾಕೆ ಹೆದರುತ್ತಿದ್ದವು?

ಇಷ್ಟು ಹೇಳಿ ನಮ್ಮ ಬೆನ್ನು ನಾವೇ ತಟ್ಟಿಕೊಂಡರೆ ಮೋಸ. ಚಳವಳಿಯ ಗೆಳೆಯರೇ, ನಮ್ಮೊಳಗೂ ಒಂದು ಗೋಜಲು ಇದೆ. ವೇದಿಕೆಯಲ್ಲಿ ಮೌಖಿಕ ಪರಂಪರೆ ಅಂತೀವಿ, ನಮ್ಮ ತಮ್ಮ ತಂಬೂರಿ ಹಿಡಿದು ಭಿಕ್ಷಕ್ಕೆ ಹೊರಟರೆ ತಲೆ ತಗ್ಗಿಸುತ್ತೇವೆ. ನಾನೂ ತಗ್ಗಿಸಿದ್ದೇನೆ. ಅಂಬೇಡ್ಕರರು ಓದಿ ಅಂದರು, ಓದಿದೆವು. ತಮಟೆಯನ್ನು ಎಸೆಯಬೇಕೇ ಇಟ್ಟುಕೊಳ್ಳಬೇಕೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನೀಲಗಾರನ ಮಗ ಇಂಜಿನಿಯರಾಗಲಿ, ಯಾರೂ ತಡೆಯಬಾರದು. ಜಾನಪದ ಉಳಿಯಬೇಕು ಎಂದು ಅವನನ್ನು ಹಿಮ್ಮೇಳದಲ್ಲೇ ನಿಲ್ಲಿಸುವ ಮಾತು, ಹಳೆ ಜೀತದ ಹೊಸ ಭಾಷೆ. ಆದರೆ ಆ ಕತೆಯನ್ನು ಇಂಜಿನಿಯರನೂ, ಮೇಷ್ಟರೂ, ಸಾಬರ ಹುಡುಗನೂ ಎತ್ತಿಕೊಳ್ಳುವ ಹಾಗೆ ಮಾಡಲು ನಾವು ಏನು ಮಾಡಿದ್ದೇವೆ? ಕ್ರಾಂತಿಗೀತೆ ಕಲಿಸಿದೆವು, ಅದೂ ಮೈಕಿನಲ್ಲಿ. ಅದಕ್ಕೂ ಮಕ್ಕಳು ಕೋರಸ್ಸಿನಲ್ಲಿ ಉತ್ತರ ಕೂಗಿದವು.

ಕತೆಗಳೂ ಹಾಲಿನಂಥವೇನಲ್ಲ. ಮಲತಾಯಿ, ಕೊರವಂಜಿ, ಕಳ್ಳ ಅಂತ ಯಾವ ಯಾವ ಜಾತಿಯ ಮೇಲೆ ಏನೇನು ಹೇರಿವೆ ಅನ್ನುವುದನ್ನೂ ಎಣಿಸಬೇಕು.

ಮಂಡಿ ಮೊಹಲ್ಲಾದ ನಮ್ಮ ಕೋಣೆ ಮಿಷನ್ ಆಸ್ಪತ್ರೆಯಿಂದ ಕೂಗಳತೆ ದೂರ. ಬರುವ ಮಕ್ಕಳಲ್ಲಿ ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ಅಮ್ಮನ ಜೊತೆ ಬೀಡಿ ಕಟ್ಟುವ ಹುಡುಗಿಯರಿದ್ದಾರೆ. ಮನೆಯಲ್ಲಿ ದಖನಿ, ತಮಿಳು, ತೆಲುಗು, ನಮ್ಮ ಚಾಮರಾಜನಗರದ ಕನ್ನಡ. ಶಿಬಿರದಿಂದ ಬಂದ ಮೇಲೆ ಒಂದು ಕಟ್ಟು ಮಾಡಿದೆವು. ಶನಿವಾರ ಪಾಠವಿಲ್ಲ. ಒಬ್ಬರು ಮನೆಯ ಕತೆಯನ್ನು ಮನೆಯ ಮಾತಲ್ಲೇ ಹೇಳಬೇಕು, ಇನ್ನೊಬ್ಬರು ಅದನ್ನು ಕನ್ನಡಕ್ಕೆ ತರಬೇಕು, ಮಿಕ್ಕವರು ಹೂಂ ಅನ್ನಬೇಕು. ಹೂಂ ಅನ್ನುವುದಕ್ಕೆ ತರ್ಜುಮೆ ಬೇಕಾಗಲಿಲ್ಲ. ಆಮೇಲೆ ಹೇಳಿದ್ದನ್ನು ಬರೆಯಬೇಕು. ಕನ್ನಡ ಪುಸ್ತಕದ ಒಂದು ಪುಟ ಓದಲು ತಿಣುಕುತ್ತಿದ್ದವನು ತನ್ನ ನಾನಿಯ ಕತೆಯನ್ನು ಎರಡೂವರೆ ಪುಟ ಬರೆದ. ಒತ್ತಕ್ಷರ ಎಲ್ಲ ತಪ್ಪು. ಅವನ ಕತೆಯಲ್ಲಿ ಹುಲಿ ಇರಲಿಲ್ಲ, ಸಾಲ ವಸೂಲಿಗೆ ಬರುವ ಪಠಾಣ ಇದ್ದ.

ಒಂದು ಶನಿವಾರ ನನ್ನ ಸರದಿ. ಮಾದಪ್ಪನ ಕತೆಯ ಸಂಕಮ್ಮನ ಪಾಲು ಹೇಳಿದೆ. ಗಂಡ ನೀಲೇಗೌಡ ಕಾಡಿಗೆ ಹೋಗುವ ಮುನ್ನ, ನಾನಿಲ್ಲದಾಗ ಶೀಲವಾಗಿರುತ್ತೇನೆ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಡುತ್ತಾನೆ. ಮಾದಪ್ಪ ಬಂದು ಕಾಯುತ್ತಾನೆ, ಕಾರಯ್ಯ ಬಿಲ್ಲಯ್ಯ ಅನ್ನುವ ಅವಳಿ ಮಕ್ಕಳನ್ನು ಕೊಡುತ್ತಾನೆ. ನಾನು ಮಾದಪ್ಪನ ಮಹಿಮೆಯ ಕಡೆ ಏರುತ್ತಿದ್ದೆ. ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಬೆರಳು ಕಪ್ಪಾದ ಹುಡುಗಿಯೊಬ್ಬಳು ಹೂಂ ಅನ್ನುವುದನ್ನು ನಿಲ್ಲಿಸಿದಳು. 'ಅಣ್ಣ, ಅವಳು ಯಾಕೆ ಭಾಷೆ ಕೊಡಲಿಲ್ಲ? ಕೊಟ್ಟಿದ್ರೆ ಒದೆ ತಪ್ತಿತ್ತಲ್ಲ?' ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಅವಳ ಪಕ್ಕದವಳು ಅಂದಳು, 'ಅವನೂ ಕಾಡಿಗೆ ಹೋಗ್ತಿದ್ನಲ್ಲ. ಅವನು ಕೊಟ್ನಾ?'

ಆ ಶನಿವಾರ ಕತೆ ಮುಗಿಯಲಿಲ್ಲ. ಮುಂದಿನ ವಾರಕ್ಕೆ ಸಂಕಮ್ಮನನ್ನು ಅವರಿಬ್ಬರೇ ಹೇಳುತ್ತೇವೆ ಅಂದಿದ್ದಾರೆ. ನನ್ನನ್ನು ಹಿಮ್ಮೇಳಕ್ಕೆ ನಿಲ್ಲು ಅಂದಿದ್ದಾರೆ.