ನಾಲ್ಕು ತೂತಿನ ಕಾರ್ಡು, ಕೊರಳ ಪಟ್ಟಿ

ಬೆಳಿಗ್ಗೆ ಒಂಬತ್ತಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಗೇಟಿನ ಮುಂದೆ ನಿಂತರೆ ಮುಖಕ್ಕಿಂತ ಮೊದಲು ಕಾಣುವುದು ಕೊರಳ ಪಟ್ಟಿ. ಯಂತ್ರ ನೇಯ್ದ ಪಾಲಿಯೆಸ್ಟರ್, ಮೇಲೆ ಕಂಪನಿಯ ಹೆಸರು. ಇಂಥ ಪಟ್ಟಿಯನ್ನು ಮಗ್ಗವಿಲ್ಲದೆ ನೇಯುವ ವಿದ್ಯೆ ಕಾರ್ಡ್ ನೇಯ್ಗೆ. ಅದನ್ನು ಕಲಿಸಿದ ಗೆಳತಿ, ಸಾಫ್ಟ್‌ವೇರಿನವಳು, "ಇದೇ ಮೊದಲ ಕಂಪ್ಯೂಟರ್" ಎಂದಳು. ನನಗೆ ಒಪ್ಪಿಗೆಯಿಲ್ಲ.

ಇಸ್ಪೀಟು ಎಲೆಗಳನ್ನು ಚೌಕಕ್ಕೆ ಕತ್ತರಿಸಿ ಮೂಲೆಗೊಂದು ತೂತು, ತೂತಿಗೊಂದು ಹಾಸಿನ ಎಳೆ. ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ಸೊಂಟಕ್ಕೆ. ಕಾರ್ಡುಗಳನ್ನು ಒಟ್ಟಿಗೆ ಕಾಲು ಸುತ್ತು ತಿರುಗಿಸಿ, ಎಳೆಗಳ ನಡುವೆ ಬಾಯಿ ಬಿಟ್ಟಲ್ಲಿ ಹೊಕ್ಕು ಹಾಯಿಸಿ, ಸ್ಕೇಲಿನಿಂದ ಬಡಿಯಬೇಕು. ಪ್ರತಿ ಕಾರ್ಡಿನ ನಾಲ್ಕು ಎಳೆ ಸಣ್ಣ ಹಗ್ಗವಾಗಿ ಹೊಸೆದುಕೊಳ್ಳುತ್ತದೆ. ಹೊಕ್ಕು ಈ ಹಗ್ಗಗಳನ್ನು ಪಕ್ಕಪಕ್ಕಕ್ಕೆ ಬಿಗಿದು ತಾನು ಅಂಚಿನಲ್ಲಷ್ಟೇ ಇಣುಕುತ್ತದೆ. ಪಟ್ಟಿಯ ಗಟ್ಟಿತನದ ಗುಟ್ಟು ಇದೇ.

ಕಂಪ್ಯೂಟರಿನ ನಂಟು ಬೇಕೆಂದರೆ ಜಕಾರ್ಡ್ ಮಗ್ಗವನ್ನು ನೋಡಬೇಕು. ರೇಷ್ಮೆ ಸೀರೆಯ ಊರು ಆನೇಕಲ್ ಇಲ್ಲಿಂದ ದೂರವೇನಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಸಾಧನದಲ್ಲಿ ರಟ್ಟಿನ ತೂತೇ ಅಪ್ಪಣೆ: ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಕಾರ್ಡಿನ ತೂತು ಎಳೆಯನ್ನು ಹಿಡಿದಿರುತ್ತದೆ ಅಷ್ಟೆ. ಯಾವ ತೂತಿಗೆ ಯಾವ ಬಣ್ಣ, ಪೋಣಿಸಿದ್ದು ಎಡದಿಂದಲೋ ಬಲದಿಂದಲೋ, ತಿರುಗಿಸಿದ್ದು ಮುಂದಕ್ಕೋ ಹಿಂದಕ್ಕೋ, ಇದನ್ನೆಲ್ಲ ನೆನಪಿಡಬೇಕಾದದ್ದು ಕೈ.

ಕೈಯ ಆ ನೆನಪಿಗೆ ಪುರಾವೆಯೂ ಇದೆ. ನಾರ್ವೆಯ ಓಸೆಬರ್ಗ್‌ನಲ್ಲಿ 834ರಲ್ಲಿ ಹೂತ ಹಡಗಿನೊಳಗೆ 52 ಕಾರ್ಡುಗಳು ಅರ್ಧ ನೇಯ್ದ ಪಟ್ಟಿಯ ಸಮೇತ ಸಿಕ್ಕವು. ಬರ್ಮಾದಲ್ಲಿ ತಾಳೆಗರಿ ಗ್ರಂಥ ಕಟ್ಟುವ ಪಟ್ಟಿಗಳಲ್ಲಿ ದಾನಿಯ ಹೆಸರು, ಹಾರೈಕೆಗಳನ್ನು ಅಕ್ಷರ ಅಕ್ಷರವಾಗಿ ನೇಯ್ದಿದ್ದಾರೆ. ಅಲ್ಲಿ ಹೆಸರು ಎಳೆಯಲ್ಲೇ ಹುಟ್ಟಿದ್ದು, ನಮ್ಮ ಕೊರಳಲ್ಲಿ ಮೇಲೆ ಒತ್ತಿದ್ದು.

ಕೊರತೆಗಳೂ ಇವೆ. ಅಗಲಕ್ಕೆ ತಕ್ಕಷ್ಟು ಕಾರ್ಡು ಬೇಕಾದ್ದರಿಂದ ಲಾಡಿ ನೇಯಬಹುದು, ಸೀರೆಯಲ್ಲ. ಸಡಿಲವಾಗಿ ಹೊಸೆದ ಉಲ್ಲನ್ ಹಾಕಿದರೆ ಕಾರ್ಡು ಉಜ್ಜಿ ಎಳೆಗಳು ಒಂದಕ್ಕೊಂದು ಅಂಟುತ್ತವೆ. ನುಣುಪಾದ, ಗಟ್ಟಿಯಾಗಿ ಹೊಸೆದ ಹತ್ತಿ ದಾರ ಸಲೀಸು. ನೇಯ್ದಷ್ಟೂ ಕಾರ್ಡಿನಾಚೆಯ ಹಾಸು ತಿರುಚಿಕೊಳ್ಳುತ್ತದೆ. ಅದನ್ನು ಬಿಡಿಸಲು ಹಿಂದಕ್ಕೆ ತಿರುಗಿಸಿ ನೇಯ್ದರೆ, ದಿಕ್ಕು ಬದಲಾದ ಜಾಗ ವಿನ್ಯಾಸದಲ್ಲಿ ಉಳಿದುಬಿಡುತ್ತದೆ.

ನನ್ನ ಪಟ್ಟಿಯಲ್ಲಿ ಅಂಥ ಮೂರು ಜಾಗಗಳಿವೆ. ಗೇಟಿನ ಸೆಕ್ಯುರಿಟಿಯವರು ಮೊನ್ನೆ ಗುರುತಿನ ಚೀಟಿ ಬಿಟ್ಟು ಪಟ್ಟಿಯನ್ನೇ ಬೆರಳಲ್ಲಿ ತಿಕ್ಕಿ, "ಇಲ್ಲಿ ಉಲ್ಟಾ ಹೊಡೆದಿದ್ದೀರಾ ಸಾರ್?" ಎಂದರು.