ಗುಂಡು ಹಾರಿದ ಮೇಲೆ

ಶಿಕಾರಿ ಕಥೆಗಳೆಂದರೆ ಗಂಡಸರ ಸಾಹಿತ್ಯ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವಳಲ್ಲ. ಜಿಮ್ ಕಾರ್ಬೆಟ್ಟನ ಕುಮಾವೂಂ ಕಾಡುಗಳಿರಲಿ, ನಮ್ಮ ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ನನ ನರಭಕ್ಷಕಗಳಿರಲಿ, ಓದಲು ಕೂತರೆ ಒಲೆಯ ಮೇಲಿನ ಹಾಲಿನ ಕಡೆ ಗಮನ ಇರುವುದಿಲ್ಲ. ಆಂಡರ್ಸನ್ನನನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲಂತೂ ಆತ ನಮ್ಮವನೇ ಆಗಿಬಿಟ್ಟ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಬೇಟೆಯ ಪ್ರಸಂಗಗಳನ್ನು ಓದಿದವರಿಗೆ ಮಲೆನಾಡಿನ ಕೋವಿ, ನಾಯಿ, ಹಳು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ.

ಆದರೆ ಈ ಕಥೆಗಳನ್ನು ಈಚೆಗೆ ಮತ್ತೆ ತೆಗೆದು ಓದಿದಾಗ ಒಂದು ಕೊರತೆ ನನ್ನನ್ನು ಕಾಡತೊಡಗಿದೆ. ಕಾರ್ಬೆಟ್, ಆಂಡರ್ಸನ್‌ರ ಕಥೆಗಳು ಸಾಮಾನ್ಯವಾಗಿ ಪ್ರಾಣಿ ಬಿದ್ದಲ್ಲಿಗೆ ಮುಗಿಯುತ್ತವೆ. ಕಾವಲು, ಭಯ, ಹೆಜ್ಜೆ ಗುರುತು, ಕೋವಿಯ ಸದ್ದು, ಆಮೇಲೆ ಊರವರ ಸಂತೋಷ. ಗುಂಡು ಹಾರಿತು ಎಂಬಲ್ಲಿಗೆ ಗುಂಡಿನ ಕೆಲಸ ತೀರಿತು. ಅದು ಯಾವುದರಿಂದ ಮಾಡಿದ್ದು, ಎಲ್ಲಿ ಬಿತ್ತು, ಮಾಂಸದಲ್ಲಿ ಉಳಿದಿದ್ದರೆ ಯಾರ ಹೊಟ್ಟೆ ಸೇರಿತು ಎಂದು ಕೇಳುವ ವ್ಯವಧಾನ ಈ ಪ್ರಕಾರಕ್ಕೇ ಇಲ್ಲ. ಇದನ್ನು ಕಾರ್ಬೆಟ್ಟನ ಮೇಲಿನ ದೂರು ಎಂದುಕೊಳ್ಳಬೇಡಿ, ನರಭಕ್ಷಕನ ಬೆನ್ನು ಹತ್ತಿದವನಿಗೆ ಆ ಪ್ರಶ್ನೆಗೆಲ್ಲಿ ಪುರುಸೊತ್ತು? ನನ್ನ ದೂರು ಇಂದಿನ ಬೇಟೆಗಾರರ ಮೇಲೆ. ಅವರೂ ತಮ್ಮ ಕಥೆಯನ್ನು ಅಲ್ಲಿಗೇ ಮುಗಿಸುತ್ತಾರೆ.

ಈ ಮಾತು ಈಗೇಕೆ ಬಂತೆಂದರೆ, 2025ರ ಜುಲೈ ತಿಂಗಳಲ್ಲಿ ಬ್ರಿಟನ್ ಸರ್ಕಾರವು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಬೇಟೆಗೆ ಬಳಸುವ ಬಹುಪಾಲು ಸೀಸದ ಮದ್ದುಗುಂಡುಗಳನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಬೇಟೆಯ ನಿಷೇಧವಲ್ಲ, ಸೀಸದ ನಿಷೇಧ. ಬದಲಾಯಿಸಿಕೊಳ್ಳಲು ಮೂರು ವರ್ಷಗಳ ಗಡುವು ಬೇರೆ. ಅಷ್ಟಕ್ಕೇ ಅಲ್ಲಿ ಎದ್ದ ಗದ್ದಲ ನೋಡಿ ಕುತೂಹಲವಾಗಿ, ಎರಡೂ ಕಡೆಯವರ ವಾದಗಳನ್ನು ಸಿಕ್ಕಷ್ಟು ಓದಿದೆ. ಓದುತ್ತ ಹೋದಂತೆ, ಬೇಟೆಗಾರರು ಹೇಳದೆ ಬಿಟ್ಟ ಅರ್ಧ ಕಥೆ ಒಂದೊಂದಾಗಿ ಬಿಚ್ಚಿಕೊಂಡಿತು.

ತೋಟಾದೊಳಗೆ ತುಂಬಿರುವ ಸಾಸಿವೆ, ಮೆಣಸಿನಕಾಳಿನ ಗಾತ್ರದ ಸೀಸದ ಮಣಿಗಳಿಗೆ ನಮ್ಮ ಮಲೆನಾಡಿನ ಕಡೆ ಚರೆ ಎನ್ನುತ್ತಾರೆ. ಹಕ್ಕಿ ಹೊಡೆಯುವ ಒಂದು ತೋಟಾದಲ್ಲಿ ಸುಮಾರು 30 ಗ್ರಾಂ ಸೀಸ, ಇನ್ನೂರು ಮುನ್ನೂರು ಮಣಿಗಳು. ಹಕ್ಕಿಗೆ ತಗಲುವುದು ಬೆರಳೆಣಿಕೆಯಷ್ಟು. ಉಳಿದವು ಕೆರೆಗೆ, ಜೌಗಿಗೆ, ಹೊಲಕ್ಕೆ. ಸೀಸ ಕೊಳೆಯುವ ವಸ್ತುವಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಬಾತುಕೋಳಿಗೆ ಹಲ್ಲಿಲ್ಲ, ತಿಂದ ಕಾಳನ್ನು ಅರೆಯಲು ಅದು ಸಣ್ಣ ಕಲ್ಲುಗಳನ್ನು ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ಕಲ್ಲು ಹುಡುಕುವ ಬಾತಿಗೆ ಚರೆಯೂ ಕಲ್ಲೇ. ಅದರ ಹೊಟ್ಟೆ ಕಾಳಿನ ಜೊತೆಗೆ ಸೀಸವನ್ನೂ ಅರೆಯುತ್ತದೆ, ಅಲ್ಲಿನ ಆಮ್ಲ ಅದನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ರೆಕ್ಕೆ ಜೋತುಬೀಳುತ್ತದೆ, ಗಂಟಲಿನಿಂದ ಕೆಳಗೆ ಆಹಾರ ಇಳಿಯುವುದಿಲ್ಲ, ವಾರಗಟ್ಟಲೆ ಸೊರಗಿ ಸಾಯುತ್ತದೆ. ಅಂದರೆ ಗುರಿ ತಪ್ಪಿದ ಈಡೂ ಕೊಲ್ಲುತ್ತದೆ, ಕೊಂದದ್ದು ಬೇಟೆಗಾರನಿಗೆ ಗೊತ್ತೇ ಆಗುವುದಿಲ್ಲ.

ಇದು ಹೊಸ ಶೋಧವಲ್ಲ. ಅಮೆರಿಕದ ಜಾರ್ಜ್ ಬರ್ಡ್ ಗ್ರಿನ್ನೆಲ್, ಸ್ವತಃ ಬೇಟೆಗಾರನಾಗಿದ್ದವನು, 1894ರಲ್ಲೇ ತನ್ನ ಪತ್ರಿಕೆಯಲ್ಲಿ ಇದನ್ನು ಬರೆದಿದ್ದ. 1959ರಲ್ಲಿ ಫ್ರಾಂಕ್ ಬೆಲ್‌ರೋಸ್ ಎಂಬ ವಿಜ್ಞಾನಿ ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿವರ್ಷ ನೂರಕ್ಕೆ ಎರಡು ಮೂರು ಹೀಗೆಯೇ ಸಾಯುತ್ತವೆಂದು ಲೆಕ್ಕ ಹಾಕಿದ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸ ಬಳಸಬಾರದೆಂಬ ನಿಯಮ ಆ ದೇಶದಾದ್ಯಂತ ಜಾರಿಗೆ ಬಂದದ್ದು 1991ರಲ್ಲಿ. ಗ್ರಿನ್ನೆಲ್ ಬರೆದು 97 ವರ್ಷಗಳ ಮೇಲೆ! ಫಲಿತಾಂಶ ಬರಲು ಮಾತ್ರ ಅಷ್ಟು ಕಾಲ ಬೇಕಾಗಲಿಲ್ಲ. ನಿಷೇಧದಿಂದಾಗಿ 1997ರ ಒಂದೇ ಋತುವಿನಲ್ಲಿ ಸುಮಾರು 14 ಲಕ್ಷ ಬಾತುಗಳು ಉಳಿದವೆಂದು ಅಲ್ಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ಬಾತುಬೇಟೆಯೂ ನಿಲ್ಲಲಿಲ್ಲ, ಇಂದಿಗೂ ಉಕ್ಕಿನ ಚರೆಯಿಂದ ನಡೆಯುತ್ತಿದೆ.

ರೈಫಲಿನ ಗುಂಡಿನದು ಇನ್ನೊಂದು ಬಗೆ. ಜಿಂಕೆಯ ಮೂಳೆಗೆ ಬಡಿದ ಸೀಸದ ಗುಂಡು ಇಡಿಯಾಗಿ ಉಳಿಯದೆ ನೂರಾರು ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. ಅವುಗಳಲ್ಲಿ ಅನೇಕ ಚೂರುಗಳು ಕಣ್ಣಿಗೆ ಕಾಣವು, ಎಕ್ಸ್‌ರೇಯಲ್ಲಿ ಮಾತ್ರ ನಕ್ಷತ್ರಗಳಂತೆ ಕಾಣುತ್ತವೆ. ಬೇಟೆಗಾರರು ಕರುಳು, ಒಳಾಂಗಗಳನ್ನು ಕಾಡಿನಲ್ಲೇ ಬಿಟ್ಟು ಬರುತ್ತಾರೆ. ಅದನ್ನು ತಿನ್ನಲು ಇಳಿಯುವುದು ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೈತ್ಯ ರಣಹದ್ದು. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು ಬರೀ 22. ಎಲ್ಲವನ್ನೂ ಹಿಡಿದು, ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಈಗ ಗೂಡಿನವೂ ಕಾಡಿನವೂ ಸೇರಿ 500ಕ್ಕೂ ಹೆಚ್ಚಿವೆ. ಆದರೂ ಕಾಡಿನಲ್ಲಿರುವವನ್ನು ಆಗಾಗ ಹಿಡಿದು ರಕ್ತ ಪರೀಕ್ಷಿಸಿ, ಸೀಸ ಏರಿದ್ದರೆ ಚಿಕಿತ್ಸೆ ಮಾಡಿ ಬಿಡಬೇಕು. ಅವುಗಳ ಸಾವಿನ ಮುಖ್ಯ ಕಾರಣ ಇಂದಿಗೂ ಸೀಸವೇ. ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. ನಮಗೆ ಇದು ತೀರ ಅಪರಿಚಿತ ಕಥೆಯಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ನಮ್ಮ ರಣಹದ್ದುಗಳ ಸಂತತಿಯನ್ನೇ ಅಳಿಸುವ ಮಟ್ಟಕ್ಕೆ ಬಂದು, 2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದವರು ಬಂಡೆಯ ಕಡೆ ನೋಡಿ ಎಷ್ಟು ಹದ್ದು ಉಳಿದಿವೆಯೆಂದು ಎಣಿಸುವ ಸ್ಥಿತಿ.

ಹಕ್ಕಿಗಳ ಮಾತು ಇಷ್ಟಕ್ಕೆ ಬಿಡುತ್ತೇನೆ. ನನಗೆ ಹೆಚ್ಚು ತಟ್ಟಿದ್ದು ಅಡುಗೆಮನೆಯ ಕಥೆ.

ನನ್ನ ತವರು ಮೂಡಿಗೆರೆ ಕಡೆಯ ಹಳ್ಳಿ. ಬೇಟೆ ಕಾನೂನಿಗೆ ವಿರುದ್ಧವಾಗುವ ಮುಂಚಿನ ಕಾಲದ ಮಾತನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಹಂದಿ ಬಿದ್ದ ದಿನ ಮನೆಮನೆಗೂ ಪಾಲು ಬರುತ್ತಿತ್ತು, ಕಡುಬಿಗೆ ಹಿಟ್ಟು ಬೇಯಿಸುತ್ತಿದ್ದರು. ಬಡಿಸುವಾಗ ಹೆಂಗಸರು ತಪ್ಪದೆ ಹೇಳುತ್ತಿದ್ದ ಮಾತು, “ಚರೆ ನೋಡ್ಕೊಂಡು ಉಣ್ಣಿ.” ಹಲ್ಲು ಮುರಿದೀತೆಂಬ ಭಯ ಅಷ್ಟೆ. ಸಿಕ್ಕ ಚರೆಯನ್ನು ಮಕ್ಕಳು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಯಾರಿಗೆ ಹೆಚ್ಚು ಸಿಕ್ಕಿತೆಂದು ಪಂದ್ಯ ಕಟ್ಟುತ್ತಿದ್ದರಂತೆ. ಸಿಗದೆ ಹೋದ ಚೂರುಗಳ ಲೆಕ್ಕ ಯಾರಿಗೂ ಇರಲಿಲ್ಲ.

ಆ ಲೆಕ್ಕ ಹಾಕಿದ್ದು 2008ರಲ್ಲಿ, ಅಮೆರಿಕದ ಉತ್ತರ ಡಕೋಟಾ ರಾಜ್ಯದ ಒಬ್ಬ ವೈದ್ಯ. ಆತನೂ ಬೇಟೆಗಾರನೇ. ಅಲ್ಲಿನ ಬೇಟೆಗಾರರು ಹೊಡೆದ ಜಿಂಕೆಯ ಕೊಚ್ಚಿದ ಮಾಂಸವನ್ನು ಬಡವರಿಗೆ ದಾನ ಕೊಡುವ ಒಳ್ಳೆಯ ಪದ್ಧತಿ ಇದೆ. ಆತ ಅಂಥ ನೂರರಷ್ಟು ಪೊಟ್ಟಣಗಳನ್ನು ತಂದು ಸ್ಕ್ಯಾನ್ ಮಾಡಿಸಿದ. ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಲೋಹದ ಚೂರುಗಳಿದ್ದವು. ಆರೋಗ್ಯ ಇಲಾಖೆ ದಾನದ ಮಾಂಸವನ್ನು ಎಸೆಯಿರಿ ಎಂದಿತು; ಗರ್ಭಿಣಿಯರು, ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದೆಂದು ಸಲಹೆ ಕೊಟ್ಟಿತು. ಬಳಿಕ ಆ ರಾಜ್ಯದ 700ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ನಡೆಯಿತು. ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸ ಸ್ವಲ್ಪ ಹೆಚ್ಚಿತ್ತು, ಆದರೆ ಅಂದು ಮಕ್ಕಳಿಗೆ ಅಪಾಯವೆಂದು ಎಣಿಸುತ್ತಿದ್ದ ಮಿತಿಯನ್ನು, ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ, ಯಾರೂ ದಾಟಿರಲಿಲ್ಲ.

ಬೇಟೆಗಾರರ ಸಂಘಗಳು ಈ ಕೊನೆಯ ವಾಕ್ಯವನ್ನು ಎತ್ತಿ ಹಿಡಿದವು. “ನೋಡಿ, ಯಾರಿಗೂ ಏನೂ ಆಗಿಲ್ಲ!” ಇಂಥ ಓದಿಗೆ ತರಗತಿಯಲ್ಲಿ ನಾನು ಅಂಕ ಕೊಡುವುದಿಲ್ಲ. ಆ 10ರ ಮಿತಿ 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಮಕ್ಕಳ ಬುದ್ಧಿ ಬೆಳವಣಿಗೆಯ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಮಗುವನ್ನು ಮಲಗಿಸುವುದಿಲ್ಲ, ಗಮನವನ್ನು ಕದಿಯುತ್ತದೆ, ಕಲಿಕೆಯನ್ನು ತುಸು ತುಸುವೇ ಕುಂದಿಸುತ್ತದೆ. ಹಿಂದಿನ ಬೆಂಚಿನಲ್ಲಿ ಕಿಟಕಿ ನೋಡುತ್ತ ಕೂತ ಮಗುವನ್ನು ಕಂಡರೆ ನಾವು ಮೇಷ್ಟ್ರುಗಳು ಸೋಮಾರಿ ಎನ್ನುತ್ತೇವೆ, ರಕ್ತ ಪರೀಕ್ಷೆಗೆ ಯಾರು ಕಳಿಸುತ್ತಾರೆ? (ಮಕ್ಕಳು ಕಚ್ಚುವ ಸೀಸದ ಕಡ್ಡಿಗೆ ಹೆದರಬೇಡಿ. ಹೆಸರಷ್ಟೇ ಸೀಸ, ಒಳಗಿರುವುದು ಗ್ರಾಫೈಟ್.) ಗರ್ಭದಲ್ಲಿರುವ ಮಗುವಿಗೂ ತಾಯಿಯ ರಕ್ತದಿಂದ ಸೀಸ ಹೋಗುತ್ತದೆ. ಗುಂಡು ಹಾರಿಸಿದವನೊಬ್ಬ, ಬೇಯಿಸಿದವಳೊಬ್ಬಳು, ತೆತ್ತದ್ದು ಇನ್ನೂ ಹುಟ್ಟದ ಮಗು.

ಇನ್ನು ಅವರ ವಾದಗಳು. ಎಲ್ಲವೂ ಹುರುಳಿಲ್ಲದವಲ್ಲ. ಉಕ್ಕು ಸೀಸಕ್ಕಿಂತ ಹಗುರ, ದೂರ ಹೋದಂತೆ ಬಿರುಸು ಕಳೆದುಕೊಳ್ಳುತ್ತದೆ, ಹಕ್ಕಿ ಸಾಯದೆ ಗಾಯಗೊಂಡೀತು ಎನ್ನುತ್ತಾರೆ. ನಿಜವೇ, ಆದರೆ ಒಂದೆರಡು ಅಳತೆ ದಪ್ಪನೆಯ ಚರೆ ಬಳಸಿ, ಹತ್ತಿರದಿಂದ ಹೊಡೆದರೆ ತೊಂದರೆಯಿಲ್ಲ. ಅಜ್ಜನ ಕಾಲದ ಕೋವಿಯ ನಳಿಗೆಗೆ ಉಕ್ಕು ಆಗಿಬರುವುದಿಲ್ಲ ಎಂಬುದೂ ಸರಿ. ಅಂಥವರಿಗೆ ಬಿಸ್ಮತ್ ಇದೆ, ಬೆಲೆ ಹೆಚ್ಚು. ರೈಫಲಿಗೆ ತಾಮ್ರದ ಗುಂಡು ಇದೆ, ಅದು ಚೂರಾಗುವುದು ತೀರ ಕಡಿಮೆ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನು ಪೂರ್ತಿ ಬಿಟ್ಟಿತು, 2024ರ ಏಪ್ರಿಲಿನಿಂದ ರೈಫಲಿನ ಸೀಸದ ಗುಂಡನ್ನೂ ಬಿಟ್ಟಿದೆ. ಅಲ್ಲಿ ಬೇಟೆ ನಿಂತಿಲ್ಲ. ನಾರ್ವೆ ಮಾತ್ರ 2005ರಲ್ಲಿ ನಿಷೇಧಿಸಿ, ಬೇಟೆಗಾರರ ಒತ್ತಾಯಕ್ಕೆ 2015ರಲ್ಲಿ ಜೌಗು ಪ್ರದೇಶದ ಹೊರಗೆ ಸಡಿಲಿಸಿತು.

“ಇವತ್ತು ಸೀಸ, ನಾಳೆ ಕೋವಿ, ನಾಡಿದ್ದು ಬೇಟೆ” ಎಂಬುದು ಅವರ ದೊಡ್ಡ ಭಯ. ಈ ಭಯಕ್ಕೆ ನನ್ನ ಸಹಾನುಭೂತಿಯಿದೆ, ಏಕೆಂದರೆ ಸೀಸದ ನೆಪದಲ್ಲಿ ಬೇಟೆಯನ್ನೇ ನಿಲ್ಲಿಸಬಯಸುವವರೂ ಇದ್ದಾರೆ. ಆದರೆ ಭಯ ನಿಜವಾದರೆ ಮಾಡಬೇಕಾದದ್ದೇನು? ತಾವಾಗಿಯೇ ಮೊದಲು ಬಿಡುವುದು. ಅದಕ್ಕೂ ಅವಕಾಶವಿತ್ತು. 2020ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಗಳು ಐದು ವರ್ಷದಲ್ಲಿ ಸೀಸದ ಚರೆಯನ್ನು ಸ್ವಇಚ್ಛೆಯಿಂದ ಬಿಡೋಣವೆಂದು ಕರೆ ಕೊಟ್ಟವು. ಆ ವರ್ಷದ ಬೇಟೆಯ ಋತುವಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಅಂಗಡಿಗಳಿಂದ ಫೆಸೆಂಟ್ ಹಕ್ಕಿಗಳನ್ನು ಕೊಂಡು ಒಳಗಿದ್ದ ಚರೆ ತೆಗೆದು ಪರೀಕ್ಷಿಸಿದರು. 180ರಲ್ಲಿ 179 ಸೀಸದವು, ಒಂದು ಉಕ್ಕಿನದು. ಐದು ವರ್ಷ ಮುಗಿಯುವಾಗಲೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಕ್ಕಿಗಳಲ್ಲಿ ಸೀಸವೇ. ಇಷ್ಟಾದ ಮೇಲೆ ಸರ್ಕಾರ ಕಾನೂನು ತಂದರೆ ದಬ್ಬಾಳಿಕೆ ಎನ್ನುವುದು ನನಗೆ ಒಪ್ಪಿಗೆಯಾಗದು. ಪರಂಪರೆಯ ಮಾತಂತೂ ಇಲ್ಲಿ ಸಲ್ಲದು. ಪರಂಪರೆ ಇರುವುದು ಬೇಟೆಯಲ್ಲಿ, ಹಂಚಿಕೊಂಡು ಉಣ್ಣುವುದರಲ್ಲಿ. ತೋಟಾದೊಳಗೆ ಏನಿರಬೇಕೆಂಬುದು ಅಂಗಡಿಯ ವಿಷಯ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯ ಬಾಗಿಲು ಮುಚ್ಚಿದೆ, ಆದ್ದರಿಂದ ಇದು ನಮ್ಮದಲ್ಲ ಎನ್ನಬಹುದು. ಪೂರ್ತಿ ಹಾಗಲ್ಲ. ಮಲೆನಾಡಿನಲ್ಲಿ ಬೆಳೆ ಕಾಯುವ ಕೋವಿಗಳಿವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಅಲ್ಲಿ ಹೆಂಗಸರೂ ಕೋವಿ ಹಿಡಿಯುತ್ತಾರೆ, ನನಗದು ಇಷ್ಟ. ಸೀಸವನ್ನು ಬಿಡಲಾಗದ ದೇಶವೂ ನಮ್ಮದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ತುಪ್ಪಿಲ್ ವೆಂಕಟೇಶ್ ಅವರಂಥವರು ಮಕ್ಕಳ ರಕ್ತ ಪರೀಕ್ಷಿಸಿ ತೋರಿಸಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು, 2016ರ ನಿಯಮ ಮನೆಯ ಗೋಡೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿತು. ಸ್ಕೂಟರು ನಿಂತುಹೋಗುತ್ತದೆ, ಬಣ್ಣಕ್ಕೆ ಹೊಳಪು ಬರುವುದಿಲ್ಲ ಎಂದು ಆಗಲೂ ಗೊಣಗಿದವರಿದ್ದರು.

ಪಂದ್ಯದ ಗುಂಡು ವರ್ಷ ವರ್ಷವೂ ಬೀಳುವುದು ಅದೇ ಬಯಲಿಗೆ, ಅದೇ ತೋಟದ ಮಣ್ಣಿಗೆ. ಮಳೆಗಾಲದಲ್ಲಿ ಆ ನೀರು ಇಳಿಯುವುದು ಕೆಳಗಿನ ಗದ್ದೆಗೆ, ಬಾವಿಗೆ. ಬಹುಮಾನದ ಬೆಳ್ಳಿ ಬಟ್ಟಲಿಗೆ ಚಂದಾ ಎತ್ತುವ ಸಮಿತಿಯವರು ಆ ಬಾವಿಯ ನೀರನ್ನೂ ಒಮ್ಮೆ ಪರೀಕ್ಷೆಗೆ ಕಳಿಸಲಿ. ಅದಕ್ಕೆ ಆಗುವ ಖರ್ಚು ನಾಲ್ಕಾರು ತೋಟಾಗಳ ಪೆಟ್ಟಿಗೆಗಿಂತ ಹೆಚ್ಚಿರಲಾರದು.